ಶನಿವಾರದ ಸುಟ್ಟೆಣ್ಣೆ

ಶುಕ್ರವಾರ ಸಂಜೆ ಮಸ್ಕಿ ಹತ್ತಿರದ ಕೊರೆಯುವ ಕ್ಯಾಂಪಿನಲ್ಲಿ ಒಂದು ನಾಯಿ ಮಿರ್ಚಿ ಬಜ್ಜಿಯ ವಾಸನೆಗೆ ಮರುಳಾಗಿ ಡಬ್ಬಿಯೊಂದನ್ನು ಉರುಳಿಸಿತು. ಕೂಡಿಸಿಟ್ಟಿದ್ದ ಹತ್ತು ಲೀಟರ್ ಸುಟ್ಟ ಎಣ್ಣೆ ಮಣ್ಣುಪಾಲಾಯಿತು. ಅದರೊಂದಿಗೆ ದಿನಗೂಲಿ ವೆಂಕೋಬನ ಕಾಯಂ ನೌಕರಿಯ ಆಸೆಯೂ ಅರ್ಧ ಇಂಗಿತು.

1991ರ ಮಾತು. ನೆಲದಡಿಯ ಕಲ್ಲಿನ ಮಾದರಿ ತೆಗೆಯಲು ಅಲ್ಲಿ ಐದು ರಂಧ್ರ ಕೊರೆಯಬೇಕಿತ್ತು, ಐದನೆಯದು ನಡೆದಿತ್ತು. ಕೊರೆಯುವ ರಾಡು ಸಲೀಸಾಗಿ ತಿರುಗಲಿ ಎಂದು ನೀರಿಗೆ ಡೀಸೆಲ್ ಬೆರೆಸುತ್ತಿದ್ದರು. ಅದು ಬಸಿದು ಪಕ್ಕದ ಹೊಲದ ಆದಪ್ಪನ ಬಾವಿ ಸೇರಿತು. ಎಮ್ಮೆ ನೀರು ಮೂಸಿ ಮುಖ ತಿರುಗಿಸಿದ ದಿನ ಆದಪ್ಪ ಯಂತ್ರದ ಮುಂದೆ ಕಂಬಳಿ ಹಾಸಿ ಕೂತ. ಡೀಸೆಲ್ ನಿಂತಿತು. ರಾಡು ದಿನಕ್ಕೆ ಒಂದು ಮೀಟರ್ ಇಳಿಯುವುದೇ ಕಷ್ಟವಾಯಿತು. ಇನ್ನೂ ಎಂಟು ಮೀಟರ್ ಬಾಕಿ.

ಸಿಂಧನೂರಿನ ಕಾಲೇಜು ಲ್ಯಾಬಿನಲ್ಲಿ ನಾಲ್ಕು ವರ್ಷ ಗಾಜಿನ ಸಾಮಾನು ತೊಳೆದಿದ್ದ ವೆಂಕೋಬನಿಗೆ ಹೋಟೆಲುಗಳ ಸುಟ್ಟ ಎಣ್ಣೆ ನೆನಪಾಯಿತು. ಪೊಟ್ಯಾಷ್ ಹಾಕಿ ಕುದಿಸಿದರೆ ನೀರಿನಲ್ಲಿ ಕರಗುವ, ಸಾಬೂನಿನಂಥ ಜಾರುಲೇಪ; ಅಳತೆ ತಪ್ಪದಿದ್ದರೆ ಬಾವಿಗೂ ಕೇಡಿಲ್ಲ.

"ಶನಿವಾರ ಬಂದು ನೋಡ್ತೀನಿ. ಕೆಲಸ ಮಾಡ್ತು ಅಂದ್ರ ಈ ಕ್ಯಾಂಪಿನಾಗ ನಿನ್ನ ನೌಕ್ರಿ ಕಾಯಂ," ಎಂದಿದ್ದರು ಲಿಂಗಸುಗೂರಿನ ಇಂಜಿನಿಯರ್ ಸಾಹೇಬರು.

ಅದಕ್ಕೆಂದು ತಂದಿಟ್ಟ ಎಣ್ಣೆಯನ್ನೇ ನಾಯಿ ಚೆಲ್ಲಿತ್ತು. ಶನಿವಾರ ಮೊದಲ ಬಸ್ಸಿಗೇ ವೆಂಕೋಬ ಸಿಂಧನೂರಿಗೆ ಬಂದು ಬಜ್ಜಿ ಹೋಟೆಲಿನ ಗದ್ದೆಮ್ಮನ ಮುಂದೆ ಖಾಲಿ ಡಬ್ಬಿ ಇಟ್ಟ.

"ಶನಿವಾರ ಎಣ್ಣಿ ಹೊರಗ ಕೊಡಂಗಿಲ್ಲಪ್ಪ," ಎಂದಳು ಗದ್ದೆಮ್ಮ.

"ಸುಟ್ಟ ಎಣ್ಣಿ ಬೇ ಅಕ್ಕ. ನೀ ಹೆಂಗೂ ಗಟಾರಕ್ಕ ಚೆಲ್ತಿ."

"ಚೆಲ್ಲೂದು ಬ್ಯಾರೆ, ಕೊಡೂದು ಬ್ಯಾರೆ. ಸುಟ್ಟದ್ದೋ ಹೊಸಾದೋ ಅಂತ ಶನಿದೇವ್ರು ಮೂಸಿ ನೋಡ್ತಾನೇನು?"

ಎದುರು ಹೋಟೆಲಿನ ಇಸ್ಮಾಯಿಲ್‌ಸಾಬ್ ಕೈ ಮುಗಿದ. "ನಮ್ಮಲ್ಲಿ ಆ ಪದ್ಧತಿ ಇಲ್ಲ ಖರೆ. ಆದ್ರ ಗಿರಾಕಿ ಎಲ್ಲಾ ನಿಮ್ಮವ್ರ. ಸುದ್ದಿ ಆತಂದ್ರ ನನ್ನ ಕಡಾಯಿ ತಣ್ಣಗಾಕ್ಕೈತಿ."

ವೆಂಕೋಬ ಕಟ್ಟೆಯ ಮೇಲೆ ಕೂತು ಯೋಚಿಸಿದ. ಆಮೇಲೆ ಎದ್ದು ಗದ್ದೆಮ್ಮನ ಬಳಿಗೇ ಮರಳಿದ.

"ಅಕ್ಕಾ, ಎಣ್ಣಿ ಹೊರಗ ಹೋಗಬಾರ್ದು, ಹೌದಿಲ್ಲೋ? ಇಲ್ಲೇ ಕುದಿಸ್ತೀನಿ. ಹೊರಗ ಹೋಗೂದು ಎಣ್ಣಿ ಅಲ್ಲ, ಸಬಕಾರ."

ಗದ್ದೆಮ್ಮ ಗಲ್ಲಕ್ಕೆ ಬೆರಳಿಟ್ಟಳು. ಶಾಸ್ತ್ರದಲ್ಲಿ ಇದಕ್ಕೆ ಅಡ್ಡಿ ಕಾಣಲಿಲ್ಲ. ಹಿತ್ತಿಲ ಒಲೆ ಬಿಟ್ಟುಕೊಟ್ಟಳು.

ಅಷ್ಟರಲ್ಲಿ ಬಸ್‌ಸ್ಟ್ಯಾಂಡಿನ ಅರ್ಧ ಜನ ಒಲೆಯ ಸುತ್ತ ನೆರೆದರು. "ಬಜ್ಜಿ ಎಣ್ಣಿಲೆ ಪಾಯಸ ಮಾಡಾಕತ್ತ್ಯೇನಲೇ?" ಎಂದ ಒಬ್ಬ. "ಬೆಲ್ಲ ಹಾಕಪ್ಪ," ಎಂದ ಇನ್ನೊಬ್ಬ. ವೆಂಕೋಬ ಚೀಲದಿಂದ ಪೊಟ್ಯಾಷ್ ತೆಗೆದು ಅಳೆದು ಹಾಕಿ, ಗಡಿಯಾರ ನೋಡುತ್ತ ಎರಡು ತಾಸು ತಿರುವಿದ. ಗದ್ದೆಮ್ಮ ಚಮಚದಷ್ಟು ತೆಗೆದು ಚೆಂಬಿನ ನೀರಿನಲ್ಲಿ ಕದಡಿದಳು. ನೊರೆ ಉಕ್ಕಿತು.

"ಎಣ್ಣಿ ಅಲ್ಲ! ಒಯ್ಯಪ್ಪ," ಎಂದು ತೀರ್ಪಿತ್ತಳು.

ಬಸ್ಸಿನಲ್ಲಿ ಕಂಡಕ್ಟರೂ ಡಬ್ಬಿ ನೋಡಿ "ಶನಿವಾರ ಎಣ್ಣಿ?" ಎಂದು ಹುಬ್ಬೇರಿಸಿದ. ಅವನಿಗೂ ನೊರೆ ತೋರಿಸಬೇಕಾಯಿತು.

ಒಂದು ಗಂಟೆಗೆ ಕ್ಯಾಂಪಿನಲ್ಲಿ ಲೇಪ ನೀರಿಗೆ ಬಿತ್ತು. ಆಗಲೇ ಬಂದಿದ್ದ ಸಾಹೇಬರು ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಯಂತ್ರ ನಡೆಸುವ ಅಮೀನ್‌ಸಾಬ್ ಹಿಡಿ ಎಳೆದ. ನಿನ್ನೆಯವರೆಗೆ ಕಿರುಗುಟ್ಟುತ್ತಿದ್ದ ರಾಡು, ಊಟಕ್ಕೆ ಕರೆಬಂದ ಬೀಗರಂತೆ ಸರಸರ ಇಳಿಯಿತು. ಆದಪ್ಪ ಹೊರಬಂದ ನೀರು ಬೊಗಸೆಯಲ್ಲಿ ಹಿಡಿದು ಮೂಸಿದ.

"ಡೀಸೆಲ್ ವಾಸನಿ ಇಲ್ಲ. ಮಿರ್ಚಿ ಐತಿ. ಹಸಿವಾತಲ್ಲೋ!" ಎಂದು ಕಂಬಳಿ ಮಡಿಚಿ ಹೆಗಲಿಗೇರಿಸಿದ.

ಐದೂವರೆಗೆ ಎಂಟನೆಯ ಮೀಟರ್ ಮುಗಿಯಿತು. ಸಾಹೇಬರು ಎಲ್ಲರೆದುರು ವೆಂಕೋಬನ ಬೆನ್ನು ತಟ್ಟಿದರು.

"ಶಾಬಾಸ್! ಎಂಟು ದಿನದ ಕೆಲಸ ಒಂದೇ ಮಧ್ಯಾಹ್ನಕ್ಕ! ದೊಡ್ಡ ಆಫೀಸಿಗೆ ನಿನ್ನ ಹೆಸರು ಬರೀತೀನಿ."

"ಮತ್ತ ನನ್ನ ನೌಕ್ರಿ, ಸಾಹೇಬ್ರ?"

ಸಾಹೇಬರು ಫೈಲು ತೆರೆದು, ಮುಚ್ಚಿ, ಕನ್ನಡಕ ಒರೆಸಿಕೊಂಡರು.

"ಐದೂ ರಂಧ್ರ ಮುಗಿದ್ವಲ್ಲೋ ವೆಂಕೋಬ. ಕ್ಯಾಂಪ್ ಇವತ್ತಿಗೆ ಬಂದ್. ಕ್ಯಾಂಪೇ ಇಲ್ಲ ಅಂದ ಮ್ಯಾಲ ಕಾಯಂ ಎಲ್ಲಿ ಮಾಡ್ಲಿ?"

ಸಾಹೇಬರ ಜೀಪು ಹೊರಡುತ್ತಲೇ ಅಮೀನ್‌ಸಾಬ್ ತಲೆ ಚಚ್ಚಿಕೊಂಡ. "ಹುಚ್ಚಪ್ಯಾಲಿ! ರಾಡು ನಿಧಾನ ಇಳಿದಿದ್ರ ಎಲ್ಲಾರಿಗೂ ಇನ್ನೊಂದು ವಾರ ಪಗಾರ ಇತ್ತಲ್ಲಲೇ!"

ವೆಂಕೋಬ ಖಾಲಿ ಡಬ್ಬಿಯ ಮೇಲೆ ಸಾಹೇಬರಂತೆಯೇ ಕಾಲ ಮೇಲೆ ಕಾಲು ಹಾಕಿ ಕೂತ.

"ಪಗಾರ ಹೋಗ್ಲಿ ಅಮೀನ್‌ಭಾಯ್. ಎಷ್ಟು ಮೀಟರ್ ಇಳೀತು, ಹೇಳು."

"ಎಂಟು."

"ಇನ್ನೊಮ್ಮೆ ಹೇಳು."