ಹೂವಿನಿಂದಾಚೆ ಹೋಗದ ಸೂರ್ಯಕಾಂತಿ

ಪಾಠ ಹೇಳುವವನ ಕೈಗೆ ಹೊಲ ಸಿಕ್ಕರೆ ಅವನು ಹೊಲಕ್ಕೂ ಪಾಠ ಹೇಳುತ್ತಾನೆ. ಮಳವಳ್ಳಿಯಲ್ಲಿ ಮೇಷ್ಟರಾಗಿರುವ ನಾನು ಮಾಡಿದ್ದೂ ಅದನ್ನೇ. ಹೊಲವೂ ನನ್ನದಲ್ಲ; ಬಂಡೂರಿನ ಬಳಿ ನನ್ನ ಹೆಂಡತಿ ಜಯಮ್ಮನಿಗೆ ಅವಳಪ್ಪ ಅರಿಶಿನ ಕುಂಕುಮಕ್ಕೆಂದು ಕೊಟ್ಟ ತುಂಡು. ಅದರಲ್ಲಿ ಅವಳು ವರ್ಷಾವರ್ಷ ಹುಚ್ಚೆಳ್ಳು ಹಾಕಿಸಿ, ಎಣ್ಣೆ ಆಡಿಸಿ, ಚಟ್ನಿಪುಡಿ ಕುಟ್ಟಿಕೊಂಡು ತೃಪ್ತಳಾಗಿದ್ದಳು. ಆ ತೃಪ್ತಿಯನ್ನು ನನಗೆ ಸಹಿಸಲಾಗಲಿಲ್ಲ. ಸೂರ್ಯಕಾಂತಿ ಎಂಬ ಹೊಸ ಎಣ್ಣೆಬೆಳೆ ಆಗಷ್ಟೇ ನಮ್ಮ ಸೀಮೆಗೆ ಕಾಲಿಟ್ಟಿತ್ತು. ಮದ್ದೂರಿನಲ್ಲಿ ಅದರ ಮೇಲೊಂದು ಭಾಷಣ ಕೇಳಿ ಬಂದವನೇ, "ಈ ಸಲ ಹುಚ್ಚೆಳ್ಳು ಬೇಡ, ವರ್ಷದ ಎಣ್ಣೆಗೆ ನಾನು ಜವಾಬ್ದಾರ" ಎಂದೆ.

"ನೀವು ಜವಾಬ್ದಾರಿ ತಗೊಂಡ್ರಾ? ಹಾಗಾದ್ರೆ ಅಂಗಡಿ ಎಣ್ಣೇನೇ ಗತಿ" ಎಂದಳು ಜಯಮ್ಮ. ಆದರೂ ಹೊಲ ಬಿಟ್ಟುಕೊಟ್ಟಳು.

ಸೂರ್ಯಕಾಂತಿಯ ಬೆಳವಣಿಗೆ ಹಂತಹಂತವಾಗಿ ನಡೆಯತಕ್ಕದ್ದು. ಮೊದಲು ಮೊಳಕೆ: ಬೀಜದ ಸಿಪ್ಪೆಯನ್ನು ಟೋಪಿಯಂತೆ ಹೊತ್ತು ನೆಲದಿಂದ ಏಳುತ್ತದೆ. ಆಮೇಲೆ ಎಲೆ, ಈ ಹಂತದಲ್ಲಿ ಬಂಡೂರಿನ ಕುರಿಗಳಿಂದ ಅದನ್ನು ಕಾಯಬೇಕು. ನಂತರ ಮೊಗ್ಗು, ಹೂವು. ಕಟ್ಟಕಡೆಗೆ ಹೂ ತಲೆಬಾಗಿ, ಅದರ ಬೆನ್ನು ಹಳದಿಯಾಗಿ, ಕಾಳು ಕಟ್ಟುವುದು. ಈ ಕಡೆಯ ಹಂತವನ್ನು ನಾನು ಕೇಳಿ ಬಲ್ಲೆನೇ ಹೊರತು ಕಂಡು ಬಲ್ಲವನಲ್ಲ.

ಏಕೆಂದರೆ, ಹೊಸದಾಗಿ ಬಿಟ್ಟದ್ದು ಮೊದಲು ದೇವರಿಗೆ ಸಲ್ಲಬೇಕೆಂಬ ಪದ್ಧತಿಯಂತೆ, ಮೊದಲ ಹೂವನ್ನು ಶ್ರಾವಣ ಶನಿವಾರ ನಾನೇ ಕೊಯ್ದು ಬಂಡೂರಿನ ಆಂಜನೇಯನ ಗುಡಿಗೆ ಒಯ್ದೆ. ತಟ್ಟೆಯಗಲದ ಹೂವು ಸ್ವಾಮಿಯ ತಲೆಯ ಮೇಲೆ ಕಿರೀಟದಂತೆ ಕೂತಿತು. ಊರಿಗೆ ಊರೇ ನಿಂತು ನೋಡಿತು. ನಾನು ಕೈಮುಗಿದುಕೊಂಡು, ನೋಡುವವರನ್ನು ನೋಡಿದೆ.

ಮುಂದಿನ ಶನಿವಾರ ಹೊಲಕ್ಕೆ ಹೋದರೆ ದಂಟುಗಳು ನಿಂತಿದ್ದವು, ತಲೆಗಳಿರಲಿಲ್ಲ. ಪಕ್ಕದ ಹೊಲದ ಕೆಂಪಮ್ಮ ಒಂದು ಹೂವನ್ನು ಮಗುವಿನಂತೆ ಎತ್ತಿಕೊಂಡು ಗುಡಿಯ ಕಡೆ ಹೊರಟಿದ್ದಳು.

"ಏನಮ್ಮ ಇದು? ಎಣ್ಣೆ ತೆಗೆಯೋ ಬೆಳೆ ಕಣಮ್ಮ."

"ಅಯ್ಯೋ ಬುಡಿ ಮೇಷ್ಟ್ರೆ, ಊವಲ್ಲಿ ಎಣ್ಣೆ ಎಲ್ಲದೆ? ನೀವು ಮುಡ್ಸುದ್ರೆ ಇಸ್ಕೊಂಡ ಸ್ವಾಮಿ ನಾವು ಮುಡ್ಸುದ್ರೆ ಬ್ಯಾಡ ಅಂದಾನಾ? ಇಷ್ಟ್ ದೊಡ್ ಊವ ಗಿಳಿಗ್ ಬುಟ್ರೆ ಪಾಪ ಬತ್ತದೆ."

ದೇವರ ಹೆಸರು ಬಂದ ಮೇಲೆ ಜಗಳಕ್ಕೆ ಜಾಗವಿಲ್ಲ. ಗುಡಿಯ ಹಿಂದೆ ನಮ್ಮ ಮನೆಯ ವರ್ಷದ ಎಣ್ಣೆ ಬಾಡಿ ರಾಶಿ ಬಿದ್ದಿತ್ತು. ಊರ ದನಗಳು ಅದನ್ನು ಭಕ್ತಿಯಿಂದ ಮೇಯುತ್ತಿದ್ದವು.

ಜಯಮ್ಮ ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ವರ್ಷವಿಡೀ ಅಂಗಡಿ ಎಣ್ಣೆಯಲ್ಲಿ ಒಗ್ಗರಣೆ ಹಾಕಿದಳು; ಚಟ್ನಿಪುಡಿ ಕುಟ್ಟಲೇ ಇಲ್ಲ. ಮುಂದಿನ ಮುಂಗಾರಿಗೆ, "ಹೊಲ ಇನ್ಮೇಲೆ ನಮ್ಮಣ್ಣ ನೋಡ್ಕೋತಾನೆ. ನೀವು ಆ ಕಡೆ ಹೋಗ್ಬೇಡಿ. ಹೂ ನೋಡ್ಬೇಕು ಅನ್ನಿಸಿದ್ರೆ ಗುಡಿಗೆ ಹೋಗಿ" ಎಂದಳು, ಅಷ್ಟೆ.

ಈಗ ಆ ಹೊಲದ ಬೆಳವಣಿಗೆಯನ್ನು ಬಸ್ಸಿನ ಕಿಟಕಿಯಿಂದ ಅಭ್ಯಾಸ ಮಾಡುತ್ತಿದ್ದೇನೆ. ಹುಚ್ಚೆಳ್ಳು ಹುಲುಸಾಗಿದೆ. ಆ ನೆಲಕ್ಕೆ ನನ್ನ ಗೈರುಹಾಜರಿಗಿಂತ ಒಳ್ಳೆಯ ಗೊಬ್ಬರ ಇರಲಾರದು.