ಭಾವನ ಅಂಗಡಿಗೆ ಬಂದ ವಿಲಾಯಿತಿ ಫ್ಯಾಷನ್ನು

ಬಟ್ಟೆಯ ವಿಷಯದಲ್ಲಿ ನಗೆಪಾಟಲಾಗುವುದು ನನಗೆ ಒಂದೇ ಸಲಕ್ಕೆ ಮುಗಿದದ್ದಿಲ್ಲ. ಒಂದನ್ನು ಹೇಗೋ ಮುಚ್ಚಿಹಾಕಿ ಉಸ್ಸಪ್ಪಾ ಅನ್ನುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತದೆ. ನಮ್ಮದು ಅಜ್ಜನ ಕಾಲದಿಂದ ಹೊಲಿಗೆಯವರ ಮನೆ. ಯಾರೇ ಎದುರು ಬಂದರೂ ನಮಗೆ ಮೊದಲು ಕಾಣುವುದು ಮುಖವಲ್ಲ, ಹೆಗಲಿನ ಹೊಲಿಗೆ. ನಾನೇನೋ ಕತ್ತರಿ ಬಿಟ್ಟು, ನಾಲ್ಕಕ್ಷರ ಓದಿ, ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಅದಿರು ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿದೆ. ಆದರೆ ಹುಟ್ಟುಗುಣ ಎಲ್ಲಿಗೆ ಹೋಗುತ್ತದೆ?

೧. ಸ್ಟೇಷನ್ನಿನಲ್ಲಿ

ನನ್ನನ್ನು ನಾಲ್ಕು ತಿಂಗಳ ತರಬೇತಿಗೆಂದು ಇಂಗ್ಲೆಂಡಿನ ಒಂದು ಕಬ್ಬಿಣದ ಊರಿಗೆ ಕಳಿಸಿದರು. ಶಿವಮೊಗ್ಗದ ಸ್ಟೇಷನ್ನಿಗೆ ಮನೆಯವರೆಲ್ಲ ಬಂದಿದ್ದರು. ಅಮ್ಮನದು ಒಂದೇ ಮಾತು: "ಸಮುದ್ರ ದಾಟಿದರೆ ದಾಟು, ತಲೆ ಮೇಲಿನ ರುಮಾಲು ಮಾತ್ರ ತೆಗೀಬೇಡ."

ಭಾವ, ಅಂದರೆ ಅಕ್ಕನ ಗಂಡ, ನನ್ನನ್ನು ಪಕ್ಕಕ್ಕೆ ಕರೆದರು. ಅಪ್ಪ ತೀರಿಕೊಂಡ ಮೇಲೆ ಪೇಟೆ ಬೀದಿಯಲ್ಲಿದ್ದ ನಮ್ಮ ಹೊಲಿಗೆ ಅಂಗಡಿಯನ್ನು ನಡೆಸುತ್ತಿದ್ದವರು ಅವರೇ.

"ನೋಡು ಮಾರಾಯ, ಬೆಂಗಳೂರಿನ ದಂಡು ಪ್ರದೇಶದಿಂದ ಒಬ್ಬ ಬಂದು ನಮ್ಮ ಎದುರಿಗೇ ಅಂಗಡಿ ಇಟ್ಟಿದ್ದಾನೆ. ವಿಲಾಯಿತಿ ಹೊಲಿಗೆ ಅಂತ ಬೋರ್ಡು. ಹುಡುಗರೆಲ್ಲ ಆ ಕಡೆಗೇ ಹೋಗ್ತಾರೆ. ಬರೋ ಮದುವೆ ಕಾಲದೊಳಗೆ ನಾನು ಹೊಸದೇನಾದರೂ ತೋರಿಸದಿದ್ದರೆ ಬಾಗಿಲು ಹಾಕಿ, ಅವನ ಹತ್ರಾನೇ ಗುಂಡಿ ಕಾಜ ಹೊಲಿಯೋಕೆ ಕೂರಬೇಕು. ನಿಮ್ಮಪ್ಪ ಕೂತ ಜಾಗ ಕಣೋ ಅದು."

"ನಾನೇನು ಮಾಡಲಿ ಭಾವ?"

"ಹಗಲು ಕಬ್ಬಿಣ ನೋಡ್ಕೋ. ಸಂಜೆ ಬೀದೀಲಿ ನಿಂತು ಜನ ಏನು ಹಾಕ್ಕೊಂಡಿದ್ದಾರೆ ನೋಡಿ, ಚಿತ್ರ ಬರೆದು ಕಳಿಸು."

ರೈಲು ಹೊರಟಿತು. ಅಮ್ಮ ಕಣ್ಣೊರೆಸಿಕೊಂಡರು, ಅಕ್ಕ ಕೈ ಬೀಸಿದಳು. ಭಾವ ಮಾತ್ರ ರೈಲಿನ ಜೊತೆ ಓಡಿಕೊಂಡು ಬರುತ್ತಾ ಕೂಗಿದರು, "ಬೆನ್ನು ನೋಡೋದು ಮರೀಬೇಡ ಕಣೋ. ಎಲ್ಲರೂ ಎದೆ ನೋಡಿ ಬಂದುಬಿಡ್ತಾರೆ. ಕೋಟಿನ ಗುಟ್ಟೆಲ್ಲ ಬೆನ್ನಲ್ಲಿರುತ್ತೆ." ಪ್ಲಾಟ್‌ಫಾರಮ್ಮಿನಲ್ಲಿ ಇದ್ದವರೆಲ್ಲ ಕತ್ತು ತಿರುಗಿಸಿ ತಮ್ಮ ತಮ್ಮ ಬೆನ್ನು ನೋಡಿಕೊಂಡರು.

೨. ಬೆನ್ನು ಹತ್ತಿದ್ದು

ನಾನು ಅಲ್ಲಿ ಇಳಿದಾಗ ಮರಗಳು ಎಲೆ ಉದುರಿಸುವ ಕಾಲ. ಬೀದಿ ತುಂಬಾ ಹಳದಿ ಎಲೆ, ಅದರ ಮೇಲೆ ಉದ್ದುದ್ದ ಉಣ್ಣೆ ಕೋಟು ಹಾಕಿಕೊಂಡು ಸರಸರ ನಡೆಯುವ ಜನ. ನಮ್ಮಲ್ಲಿ ಚಳಿಯಾದರೆ ಕಂಬಳಿ ಹೊದ್ದು ಕೂರುತ್ತೇವೆ. ಅವರು ಕಂಬಳಿಗೇ ತೋಳು ಹೊಲಿದು ಕೆಲಸಕ್ಕೆ ಹೋಗುತ್ತಾರೆ. ನನಗೆ ಆ ಊರಿನ ಮೇಲೆ ಗೌರವ ಹುಟ್ಟಿದ್ದು ಅಲ್ಲಿಯ ಕುಲುಮೆ ನೋಡಿ ಅಲ್ಲ, ಈ ಕೋಟುಗಳನ್ನು ನೋಡಿ.

ಒಂದು ಸಂಜೆ ಒಬ್ಬ ದೊಡ್ಡ ಮನುಷ್ಯರ ಕೋಟಿನ ಬೆನ್ನಲ್ಲಿ ವಿಚಿತ್ರವಾದ ನೆರಿಗೆ ಕಂಡಿತು. ಎರಡೋ ಮೂರೋ ಗೊತ್ತಾಗಲಿಲ್ಲ. ಹಿಂದೆಯೇ ಹೋದೆ. ಅವರು ನಿಂತರೆ ನಿಂತೆ, ತಿರುಗಿದರೆ ಅಂಗಡಿ ಗಾಜು ನೋಡಿದೆ. ಮೂರನೇ ತಿರುವಿನಲ್ಲಿ ಪೊಲೀಸಿನವನು ನನ್ನ ಭುಜದ ಮೇಲೆ ಕೈ ಇಟ್ಟ.

"ಆ ಸಾಹೇಬರ ಹಿಂದೆ ಯಾಕೆ ಬಿದ್ದಿದ್ದೀಯ?"

ಸುಳ್ಳು ಹೇಳಲು ನನಗೆ ಸಾಕಷ್ಟು ಇಂಗ್ಲಿಷ್ ಬರುತ್ತಿರಲಿಲ್ಲ. "ನಮ್ಮ ಭಾವ ಬೆನ್ನು ನೋಡು ಅಂದಿದ್ದಾರೆ" ಅಂದೆ. ಅವನಿಗೆ ಅನುಮಾನ ಇನ್ನೂ ಹೆಚ್ಚಾಯಿತು. ಕೊನೆಗೆ ಜೇಬಿನಿಂದ ಪುಸ್ತಕ ತೆಗೆದು ನಾನು ಬರೆದ ಕೋಟಿನ ಚಿತ್ರಗಳನ್ನೆಲ್ಲ ತೋರಿಸಿದೆ. ಪುಟ ತಿರುವಿ ತಿರುವಿ ನೋಡಿದ. ಆಮೇಲೆ ದನಿ ತಗ್ಗಿಸಿ, ತನ್ನ ಬಲಗೈ ಎತ್ತಿ, "ಈ ಕೋಟು ನನಗೆ ಕಂಕುಳಲ್ಲಿ ಯಾವಾಗಲೂ ಹಿಡಿಯುತ್ತೆ. ಏನು ಮಾಡಬಹುದು?" ಅಂದ.

೩. ರುಮಾಲು

ಅಮ್ಮನಿಗೆ ಕೊಟ್ಟ ಮಾತಿನಂತೆ ನಾನು ರುಮಾಲು ತೆಗೆದಿರಲಿಲ್ಲ. ಟೋಪಿ ಅಂಗಡಿಯ ಇಬ್ಬರು ಹೆಣ್ಣುಮಕ್ಕಳು ದಿನಾ ನನ್ನನ್ನು ನೋಡುತ್ತಿದ್ದರು. ನನ್ನ ರೂಪಕ್ಕೆ ಮರುಳಾದರೇನೋ ಎಂದು ನಾನು ಮೀಸೆ ಸಣ್ಣಗೆ ಕತ್ತರಿಸಿಕೊಂಡೆ. ಒಂದು ದಿನ ಇಬ್ಬರೂ ಬಾಗಿಲಿಗೆ ಬಂದು, ಇದನ್ನು ಹೇಗೆ ಸುತ್ತುತ್ತೀರಿ, ತೋರಿಸುತ್ತೀರಾ ಎಂದು ಕೇಳಿದರು. ಬಿಚ್ಚಿ, ಮತ್ತೆ ಸುತ್ತಿ ತೋರಿಸಿದೆ. ಅವರು ನೋಡಿದ್ದು ರುಮಾಲನ್ನು ಮಾತ್ರ. ಮುಖದ ಕಡೆಗೆ ಕಣ್ಣೇ ಹಾಯಿಸಲಿಲ್ಲ.

ಹದಿನೈದು ದಿನದಲ್ಲಿ ಆ ಅಂಗಡಿಯ ಗಾಜಿನೊಳಗೆ ಒಂದು ಮರದ ಬೊಂಬೆ ನಮ್ಮ ರುಮಾಲು ಸುತ್ತಿಕೊಂಡು ಕೂತಿತ್ತು. ಮುಂದಿನ ವಾರ ಅದನ್ನೇ ಇಟ್ಟುಕೊಂಡು ನಾಲ್ಕಾರು ಹೆಂಗಸರು ಬೀದಿಯಲ್ಲಿ ಓಡಾಡಿದರು. ನನಗೆ ಹೆಮ್ಮೆಯೋ ಹೆಮ್ಮೆ. "ಭಾವ, ಇಲ್ಲಿಯ ಈಚಿನ ಫ್ಯಾಷನ್ನು ನಮ್ಮ ರುಮಾಲು" ಎಂದು ಚಿತ್ರ ಸಮೇತ ಬರೆದೆ.

ಭಾವನ ಉತ್ತರ ಬಂತು. "ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ. ನಿನ್ನನ್ನು ಅಷ್ಟು ದೂರ ಕಳಿಸಿದ್ದು ಅವರದನ್ನು ನೋಡೋಕೆ, ನಮ್ಮದನ್ನು ತೋರಿಸೋಕಲ್ಲ. ನೀನು ಹೀಗೇ ಮಾಡ್ತಾ ಇದ್ದರೆ ಎದುರು ಅಂಗಡಿಯವನು ಆ ರುಮಾಲನ್ನೇ ವಿಲಾಯಿತಿ ರುಮಾಲು ಅಂತ ತರಿಸಿ ನಮಗೇ ಮಾರ್ತಾನೆ."

೪. ಕುಂಸಿ ಪಟೇಲರ ಕೋಟು

ಆಮೇಲೆ ನಾನು ಹುಷಾರಾದೆ. ಮೊಣಕಾಲಿನ ಕೆಳಗೆ ಬರುವ ದಪ್ಪ ಕೋಟು, ಎರಡು ಸಾಲು ಗುಂಡಿ, ಕಿವಿ ಮುಚ್ಚುವ ಕೊರಳಪಟ್ಟಿ, ಎಲ್ಲವನ್ನೂ ಅಳತೆ ಸಮೇತ ಬರೆದು ಕಳಿಸಿದೆ. ಆದರೆ ಜನ ಅದನ್ನು ಯಾಕೆ ಹಾಕಿಕೊಳ್ಳುತ್ತಾರೆ ಎಂದು ಬರೆಯಲಿಲ್ಲ. ಚಳಿ ಅನ್ನುವುದು ಬರೆಯಬೇಕಾದ ವಿಷಯ ಎಂದು ನನಗೆ ಹೊಳೆಯಲೇ ಇಲ್ಲ.

ಭಾವ ಉಣ್ಣೆ ಬಟ್ಟೆ ತರಿಸಿ, ಕಣ್ಣಲ್ಲಿ ಕಣ್ಣಿಟ್ಟು, ಕುಂಸಿಯ ಒಬ್ಬ ಪಟೇಲರಿಗೆ ಅಂಥದ್ದೊಂದನ್ನು ಹೊಲಿದರು. ಪಟೇಲರು ಅದನ್ನು ತೊಟ್ಟು ನಡು ಮಧ್ಯಾಹ್ನ ಪೇಟೆ ಬೀದಿಯ ಈ ತುದಿಯಿಂದ ಆ ತುದಿಗೆ ನಡೆದರು. ಊರೆಲ್ಲ ನೋಡಿತು. ವಾಪಸು ಬರುವ ಹೊತ್ತಿಗೆ ಮೈಯೆಲ್ಲ ನೀರು. ಅಕ್ಕ ಮಜ್ಜಿಗೆ ಕೊಟ್ಟು, ಬೀಸಣಿಗೆ ಬೀಸಿದಳು. ಮೂರು ಲೋಟ ಕುಡಿದ ಮೇಲೆ ಪಟೇಲರಿಗೆ ದನಿ ಬಂತು. ಸಿಟ್ಟು ಮಾಡಲಿಲ್ಲ. ದೊಡ್ಡ ಮನುಷ್ಯರು.

"ಕೋಟೇನೋ ಬಹಳ ಚೆನ್ನಾಗಿದೆ ಕಣಯ್ಯ. ಚಳಿ ಯಾವಾಗ ಕೊಡ್ತೀಯ?" ಅಂದರು.

ಇದನ್ನು ಬರೆದ ಕಾಗದದ ಕೊನೆಯಲ್ಲಿ ಭಾವ ಒಂದು ಸಾಲು ಸೇರಿಸಿದ್ದರು. "ಇನ್ನೊಂದೇ ಒಂದು ಸಲ ನೋಡು. ಈ ಸಲ ತಪ್ಪಿದರೆ ಅಂಗಡಿ ಉಳಿಯಲ್ಲ. ನಿಮ್ಮಕ್ಕನಿಗೆ ಇನ್ನೂ ಹೇಳಿಲ್ಲ." ಆ ಸಾಲು ಓದಿ ನನಗೆ ಆ ದಿನ ಊಟ ಸೇರಲಿಲ್ಲ.

೫. ಕೆಂಪು ಹೂವು

ಆ ಕಾಗದ ಬಂದ ಮಾರನೇ ಬೆಳಿಗ್ಗೆ ಬೀದಿಗಿಳಿದರೆ, ಏನು ಹೇಳಲಿ, ಊರಿಗೆ ಊರೇ ಕೋಟಿನ ಎಡಗಡೆ ಒಂದೊಂದು ಕೆಂಪು ಹೂವು ಸಿಕ್ಕಿಸಿಕೊಂಡಿತ್ತು. ನಿಜವಾದ ಹೂವಲ್ಲ, ಮಾಡಿದ ಹೂವು. ಗಾಡಿ ಹೊಡೆಯುವವನಿಗೂ ಅದೇ, ಬ್ಯಾಂಕಿನ ಯಜಮಾನನಿಗೂ ಅದೇ. ಬಡವ ಬಲ್ಲಿದ ಅನ್ನದೆ ಎಲ್ಲರೂ ಹಾಕುವ ಇಂಥ ಫ್ಯಾಷನ್ನನ್ನು ನಾನು ಕಂಡಿರಲಿಲ್ಲ. ನಮ್ಮೂರಿಗೂ ಹೊಂದುತ್ತದೆ, ಸೆಕೆಯೂ ಆಗುವುದಿಲ್ಲ. ನಿಂತ ಕಾಲಲ್ಲೇ ಚಿತ್ರ ಬರೆದು, ಟಪಾಲಿಗೆ ಹಾಕಿ, ಶಿಳ್ಳೆ ಹೊಡೆಯುತ್ತಾ ಬಿಡಾರಕ್ಕೆ ಬಂದೆ.

ಬಿಡಾರದ ಯಜಮಾನಿ ವಯಸ್ಸಾದ ಹೆಂಗಸು. ಅವರೂ ಹೂವು ಸಿಕ್ಕಿಸಿಕೊಂಡಿದ್ದರು. "ಬಹಳ ಲಕ್ಷಣವಾಗಿದೆ" ಅಂದೆ. ಅವರು ಗೋಡೆಯ ಮೇಲಿನ ಒಂದು ಫೋಟೋ ತೋರಿಸಿದರು. ಅವರ ಮಗ, ಹತ್ತೊಂಬತ್ತು ವರ್ಷದ ಹುಡುಗ. ಹದಿನಾಲ್ಕನೇ ಇಸವಿಯ ಜರ್ಮನ್ ಯುದ್ಧಕ್ಕೆ ಹೋದವನು ಬರಲಿಲ್ಲ. ಹಾಗೆ ಹೋದವರ ನೆನಪಿಗೆ ವರ್ಷಕ್ಕೊಂದು ಸಲ ಈ ಹೂವು, ಎರಡು ನಿಮಿಷ ತಲೆ ತಗ್ಗಿಸಿ ಮೌನ. ಹೇಳಿ ಮುಗಿಸಿ ನನಗೂ ಒಂದು ಹೂವು ಸಿಕ್ಕಿಸಿದರು. ನನಗೆ ನಾಚಿಕೆಯಾಯಿತು, ದುಃಖವೂ ಆಯಿತು. ಊರಿಡೀ ಮಕ್ಕಳನ್ನು ನೆನೆದು ಅಳುತ್ತಿದ್ದರೆ ನಾನು ಶಿಳ್ಳೆ ಹೊಡೆದುಕೊಂಡು ಬಂದಿದ್ದೆ.

ಅದು ಸತ್ತವರ ಹೂವು, ಹೊಲಿಯಬೇಡಿ ಎಂದು ಭಾವನಿಗೆ ಬರೆಯಲು ಕೂತೆ. ನಾಲ್ಕು ಸಲ ಬರೆದು ನಾಲ್ಕು ಸಲ ಹರಿದೆ. ಅಂಗಡಿಗೆ ಇದ್ದದ್ದು ಅದೊಂದೇ ದಾರಿ. ಬರೆಯಲೋ ಬೇಡವೋ ಎಂದು ಒದ್ದಾಡುತ್ತಿರುವಾಗಲೇ ಅವರ ಕಾಗದ ಬಂತು. "ಗೆದ್ದೆವು ಮಾರಾಯ. ಕೋಟು ಹೊಲಿಸಿದವರಿಗೆಲ್ಲ ಒಂದೊಂದು ಹೂವು. ನಿಮ್ಮಕ್ಕ ಕೂತು ಬಟ್ಟೆಯಲ್ಲಿ ಮಾಡ್ತಾಳೆ. ಮಾಘದ ಮದುವೆಗಳೆಲ್ಲ ನಮ್ಮವೇ." ನಾನು ಬಾಯಿಗೆ ಬೀಗ ಹಾಕಿಕೊಂಡೆ. ಸಾವಿನ ಹೂವು ಇಟ್ಟುಕೊಂಡು ಮದುವೆಗೆ ಹೋದೆವು ಎಂದು ಜನಕ್ಕೆ ತಿಳಿದರೆ ಶಿವಮೊಗ್ಗದಲ್ಲಿ ಯಾರು ತಾನೇ ಆ ಅಂಗಡಿಯ ಮೆಟ್ಟಿಲು ಹತ್ತುತ್ತಾರೆ?

ನಾನು ವಾಪಸು ಬಂದ ಮೇಲೆ, ವೈಶಾಖದಲ್ಲಿ, ಭದ್ರಾವತಿಯಲ್ಲಿ ನಮ್ಮ ಆಫೀಸಿನ ಗುಮಾಸ್ತನೊಬ್ಬನ ಮದುವೆ. ವರ, ವರನ ಅಪ್ಪ, ಬೀಗರು, ಓಲಗದವರು, ಎಲ್ಲರ ಎದೆಯ ಮೇಲೂ ಅಕ್ಕ ಮಾಡಿದ ಕೆಂಪು ಹೂವು. ಭಾವ ಮುಂದಿನ ಸಾಲಿನಲ್ಲಿ ಜಂಬದಿಂದ ಕೂತಿದ್ದರು. ಅಷ್ಟರಲ್ಲಿ ಕುಲುಮೆಯ ವಿಭಾಗದ ಇಂಗ್ಲಿಷ್ ದೊರೆ ಬಂದ. ಯಾರ ಮನೆಗೂ ಹೋಗದವನು, ಯಾರ ಜೊತೆಗೂ ನಗದವನು. ಚಪ್ಪರದೊಳಗೆ ಕಾಲಿಟ್ಟವನೇ ನಿಂತುಬಿಟ್ಟ. ನೂರಾರು ಹೂವುಗಳನ್ನು ಒಂದು ಕಡೆಯಿಂದ ನೋಡಿದ. ಟೋಪಿ ತೆಗೆದು, ತಲೆ ತಗ್ಗಿಸಿ, ಅಲುಗದೆ ನಿಂತ.

ದೊರೆ ನಿಂತಿರುವಾಗ ಕೂರುವುದು ಹೇಗೆ? ವರನ ಅಪ್ಪ ಎದ್ದು ತಲೆ ತಗ್ಗಿಸಿದರು. ಬೀಗರು ಎದ್ದರು. ಓಲಗ ನಿಂತಿತು. ಪುರೋಹಿತರು ಮುಹೂರ್ತ ಮೀರುತ್ತದೆಂದು ಒಮ್ಮೆ ಗಡಿಯಾರ ನೋಡಿದರು, ಒಮ್ಮೆ ದೊರೆಯನ್ನು ನೋಡಿದರು, ಕೊನೆಗೆ ಅವರೂ ಎದ್ದರು. ಇಡೀ ಚಪ್ಪರದಲ್ಲಿ ಪಿಟ್ ಅನ್ನುವ ಸದ್ದಿಲ್ಲ. ಆ ಮೌನ ಏನೆಂದು ಗೊತ್ತಿದ್ದವರು ನಾವಿಬ್ಬರೇ, ದೊರೆ ಮತ್ತು ನಾನು. ನನ್ನ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಹಿಂದಿನ ಸಾಲಿನ ಅಜ್ಜಿಯೊಬ್ಬರು, "ಎಲ್ಲ ಎದ್ದರು, ಎಲೆ ಹಾಕಿರಬೇಕು ನಡೀರೇ" ಅಂದರು. ಅರ್ಧ ಚಪ್ಪರ ಊಟದ ಮನೆಗೆ ನುಗ್ಗಿತು.

೬. ದೊರೆಯ ಅಳತೆ

ಮುಂದಿನ ಭಾನುವಾರ ದೊರೆ ಶಿವಮೊಗ್ಗಕ್ಕೆ ಬಂದು ನಮ್ಮ ಅಂಗಡಿ ಮುಂದೆ ಕಾರು ನಿಲ್ಲಿಸಿದ. ಕೋಟು ಹೊಲಿಸಬೇಕಂತೆ. ಎದುರು ಅಂಗಡಿಯವನು ಬಾಗಿಲಿಗೆ ಬಂದು ನಿಂತ. ಮಾತು ತಿಳಿಸಿಹೇಳಲು ನಾನಿದ್ದೆ.

ಭಾವ ಅಳತೆ ಟೇಪು ಹಿಡಿದು ದೊರೆಯ ಎರಡೂ ಕೈ ಎತ್ತಿಸಿ ನಿಲ್ಲಿಸಿದರು. "ಕೇಳೋ, ಬರೋ ವರ್ಷ ಅಲ್ಲಿ ಯಾವ ಹೂವಂತೆ? ಈಗಲೇ ಬಟ್ಟೆ ತರಿಸಿಡ್ತೀನಿ."

ಕೇಳಿದೆ. ದೊರೆ, "ಅದೇ ಹೂವು. ಪ್ರತಿ ವರ್ಷವೂ ಅದೇ" ಅಂದ.

ಭಾವನ ಕೈಯಲ್ಲಿ ಟೇಪು ನಿಂತಿತು. "ಪ್ರತಿ ವರ್ಷ ಒಂದೇ ಅಂದರೆ ಅದು ಫ್ಯಾಷನ್ನಲ್ಲ ಕಣೋ. ನಲವತ್ತು ವರ್ಷದಿಂದ ಹೊಲೀತಿದ್ದೀನಿ, ನನಗೆ ಗೊತ್ತಾಗಲ್ವಾ? ಏನದು, ನಿಜ ಹೇಳು."

ಹೇಳಿಬಿಟ್ಟೆ. ಯಜಮಾನಿಯ ಮಗನ ವಿಷಯವನ್ನೂ ಹೇಳಿದೆ, ಹರಿದುಹಾಕಿದ ನಾಲ್ಕು ಕಾಗದದ ವಿಷಯವನ್ನೂ ಹೇಳಿದೆ. ಇನ್ನು ಅಂಗಡಿಯೂ ಹೋಯಿತು, ಭಾವನ ಮುಖ ನೋಡುವ ಹಾಗೂ ಇಲ್ಲ ಅಂದುಕೊಂಡೆ. ಒಳಗೆ ಹೂವು ಕತ್ತರಿಸುತ್ತಿದ್ದ ಅಕ್ಕ ಬಾಗಿಲಿಗೆ ಬಂದು ನಿಂತಳು. ದೊರೆ ಕೈ ಎತ್ತಿಕೊಂಡೇ ನಿಂತಿದ್ದ, ಇಳಿಸು ಎಂದು ಯಾರೂ ಹೇಳಿರಲಿಲ್ಲ.

ಮೊದಲು ಮಾತಾಡಿದ್ದು ಅಕ್ಕ. "ಮಾಘದಲ್ಲಿ ಮದುವೆ ಆದವಲ್ಲ, ಅದರಲ್ಲಿ ಮೂರು ಮನೆ ಸೊಸೆಯರು ಆಗಲೇ ಬಸುರಿಯರು. ಯುದ್ಧದಲ್ಲಿ ಹೋದ ಆ ಹುಡುಗರು ಪಾಪ ಮತ್ತೆ ಎಲ್ಲಿ ಹುಟ್ಟಬೇಕು ಅಂತ ಇಷ್ಟು ವರ್ಷ ಅಲೀತಾ ಇದ್ದರೋ ಏನೋ. ಹೂವು ನೋಡಿ ನಮ್ಮೂರಿಗೆ ಬಂದಿದ್ದಾರೆ ಬಿಡಿ. ಇದಕ್ಕಿಂತ ಶುಭ ಇನ್ನೇನಿದೆ?"

ಭಾವ ದೊಡ್ಡದಾಗಿ ಉಸಿರು ಬಿಟ್ಟು ಎದೆಯ ಅಳತೆ ತೆಗೆಯಲು ಶುರುಮಾಡಿದರು.

"ಏನು ಹೇಳಿದರು ಆಕೆ?" ಎಂದು ದೊರೆ ಕೇಳಿದ. ನನಗೆ ಬರುವ ಇಂಗ್ಲಿಷಿನಲ್ಲಿ ಹೇಳಿದೆ. ಅವನು ಸೂರನ್ನೇ ನೋಡುತ್ತಾ ನಿಂತ. ಅವನಿಗೂ ಒಬ್ಬ ತಮ್ಮನಿದ್ದನಂತೆ, ಅದೇ ಯುದ್ಧದಲ್ಲಿ ಹೋದನಂತೆ. ಅದನ್ನು ಹೇಳಿ, ಮೊದಲ ಸಲ ನಕ್ಕ.

"ನನ್ನ ತಮ್ಮ ಮಹಾ ಪೋಕರಿ. ಮರ ಹತ್ತುತ್ತಿದ್ದ, ಗಾಜು ಒಡೆಯುತ್ತಿದ್ದ, ಒಂದು ಗಳಿಗೆ ಕೂತವನಲ್ಲ. ಆ ಮೂರು ಮನೆಯವರಿಗೂ ಮೊದಲೇ ತಿಳಿಸಿಬಿಡಲು ಹೇಳು."

ಭಾವನಿಗೆ ಕನ್ನಡದಲ್ಲಿ ಹೇಳಿದೆ. ಅವರು ಟೇಪನ್ನು ಕೊರಳಿಗೆ ಹಾಕಿಕೊಂಡು, ದೊರೆಯ ಕೈ ಎರಡನ್ನೂ ಮೆಲ್ಲಗೆ ಕೆಳಗಿಳಿಸಿ, "ಆ ಪೋಕರಿಗೆ ಚಡ್ಡಿ ಕೂಡ ಈಗಲೇ ಗಟ್ಟಿ ಬಟ್ಟೇಲಿ ಹೊಲಿದಿಡ್ತೀನಿ ಅಂತ ಹೇಳು" ಅಂದರು.