ಬೀಗರೆದುರು ಬೀಸಿದ ಕೋಲು

ಚಿಣ್ಣಿದಾಂಡಿನಲ್ಲಿ ನನ್ನನ್ನು ಸೋಲಿಸುವವರು ನಮ್ಮ ಓಣಿಯಲ್ಲಿ ಯಾರೂ ಇರಲಿಲ್ಲ. ಆ ಧೈರ್ಯದ ಮೇಲೆಯೇ, ಹೊಸ ಬೀಗರಾದ ಚೆನ್ನಪ್ಪನವರು ಫೋನಿನಲ್ಲಿ "ಗಾಲ್ಫ್ ಆಡ್ತೀರೇನ್ರಿ?" ಎಂದು ಕೇಳಿದಾಗ, "ಮೊದಲ ಭಾಳ ಆಡತಿದ್ದೆರಿ" ಎಂದುಬಿಟ್ಟೆ. ಮಗಳ ನಿಶ್ಚಿತಾರ್ಥ ಮುಗಿದು ಎಂಟೇ ದಿನವಾಗಿತ್ತು. ಹೆಣ್ಣಿನ ಕಡೆಯವರು ಯಾವುದರಲ್ಲೂ ಕಡಿಮೆಯಿಲ್ಲ ಎಂದು ತೋರಿಸಬೇಕಲ್ಲ!

ಹೆಂಡತಿ ಶಾಂತಾ ಅಡುಗೆಮನೆಯಿಂದ ಹೊರಬಂದಳು. "ನೀವು ಯಾವಾಗ ಆಡಿದ್ರಿ?"

"ಕೋಲಿಲೆ ಚೆಂಡ ಹೊಡಿಯೂದು. ಅದರಾಗ ಏನೈತಿ?"

"ಬರೂದಿಲ್ಲ ಅಂತ ಈಗ ಹೇಳಿಬಿಡ್ರಿ. ಮರ್ಯಾದಿ ಉಳೀತೈತಿ."

ಹೇಳಲಿಲ್ಲ.

ಅಥಣಿ ರಸ್ತೆಯ ಬಡಾವಣೆಯೊಂದರಲ್ಲಿ ಬೇವಿನ ಮರಗಳ ನಡುವೆ ಹುಲ್ಲು ಬೆಳೆಸಿ ಪುಟ್ಟದೊಂದು ಗಾಲ್ಫ್ ಮೈದಾನ ಮಾಡಿದ್ದಾರೆ. ಬೀಗರು ಕರೆದಂತೆ ಭಾನುವಾರ ಬೆಳಿಗ್ಗೆ ಬಿಳಿ ಪ್ಯಾಂಟು ಧರಿಸಿ ಅಲ್ಲಿ ಹಾಜರಾದೆ. ಬೀಗರ ಜೊತೆ ಅವರ ಗೆಳೆಯರೊಬ್ಬರಿದ್ದರು. ಶಾಂತಾ ಮತ್ತು ಬೀಗಿತಿ ನೆರಳಿನಲ್ಲಿ ಕುಳಿತರು. ತಂತಿಬೇಲಿಯಾಚೆ ಮುದುಕಿಯೊಬ್ಬಳು ಕುರಿ ಮೇಯಿಸುತ್ತಿದ್ದಳು.

"ಮೊದಲ ನೀವ ಹೊಡೀರಿ, ಬೀಗ್ರ."

ಬೀಸಿದೆ. ಕೋಲು ಸುತ್ತಿತು, ನಾನೂ ಸುತ್ತಿದೆ. ಚೆಂಡು ಕದಲಲಿಲ್ಲ.

"ಗಾಳಿ ಯಾವ ಕಡೆ ಐತಿ ಅಂತ ನೋಡಿದೆರಿ," ಎಂದೆ. ಬೀಗರು ಭಕ್ತಿಯಿಂದ ತಲೆಯಾಡಿಸಿದರು!

ಎರಡನೇ ಸಲ ಕಣ್ಣು ಮುಚ್ಚಿ ಬೀಸಿದೆ. ಅಂಗೈಯಗಲದ ಹಸಿಮಣ್ಣು ಹಾರಿ ಬೀಗರ ಅಂಗಿಗೆ ಬಡಿಯಿತು. ನಾನು ಮುಗ್ಗರಿಸಿ ಹೇಗೋ ನಿಂತೆ. ಚೆಂಡು ಕಾಣಲಿಲ್ಲ. "ಭಾಳ ದೂರ ಹೋತ್ರಿ!" ಎಂದು ಹಣೆಗೆ ಕೈಹಚ್ಚಿ ನೋಡಿದೆ.

ಎಲ್ಲರೂ ಹುಡುಕಲು ಹೊರಟರು. ಆಗ ಬಲಗಾಲಿನಡಿ ಏನೋ ಗಟ್ಟಿಯಾಗಿ ಒತ್ತಿತು. ಗೊತ್ತಾಯಿತು. ಕಾಲು ತೆಗೆಯಬೇಕಿತ್ತು. ಇನ್ನಷ್ಟು ತುಳಿದೆ!

"ನಾ ಇಲ್ಲೇ ನಿಂತು ದಿಕ್ಕ ತೋರಸ್ತೇನ್ರಿ," ಎಂದೆ. ಮೊಣಕಾಲು ನೋವಿನ ಬೀಗರು ಪೊದೆಪೊದೆಗೂ ಬಗ್ಗಿ ಹುಡುಕಿದರು. ಕೊನೆಗೆ ಅವರ ಗೆಳೆಯರು, "ಆ ಮುದುಕಿ ತಗೊಂಡಾಳೇನ್ರಿ?" ಎಂದು ಕೇಳಿದರು.

"ಇರಬಹುದ್ರಿ," ಎಂದೆ.

ಈಗಲೂ ಆ ಒಂದು ಮಾತು ನೆನೆದರೆ ಬೆವರುತ್ತೇನೆ.

ಆ ಗೆಳೆಯರು ಬೇಲಿಯ ಹತ್ತಿರ ಹೋಗಿ ಗದರಿದರು. ಮುದುಕಿ ತನ್ನ ಚೀಲ ಕೊಡವಿದಳು. ಎರಡು ರೊಟ್ಟಿ, ಒಂದು ಉಳ್ಳಾಗಡ್ಡಿ ನೆಲಕ್ಕೆ ಬಿದ್ದವು. ಆಮೇಲೆ ನನ್ನತ್ತ ಬೆರಳು ಮಾಡಿದಳು.

"ಚೆಂಡು ಆ ಬಿಳೀ ಪ್ಯಾಂಟಿನವ್ರ ಕಾಲ ಕೆಳಗ ಐತಿ ನೋಡ್ರಿ. ಆಗಿಂದ ತತ್ತಿ ಮ್ಯಾಲ ಕೋಳಿ ಕುಂತಂಗ ನಿಂತಾರ!"

ಕಾಲೆತ್ತಿದೆ. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಬೇಲಿಯವರೆಗೆ ನಡೆದು, ತಂತಿಯ ಸಂದಿಯಲ್ಲಿ ಕೈ ತೂರಿಸಿ, ಮಣ್ಣಾದ ರೊಟ್ಟಿ ಎತ್ತಿಕೊಟ್ಟು, "ತಪ್ಪಾತವ್ವಾ, ನನಗ ಗೊತ್ತಿತ್ತು" ಎಂದೆ. ಅವಳು ರೊಟ್ಟಿಯನ್ನು ಕುರಿಗೆ ಹಾಕಿ ಮುಂದೆ ಹೋದಳು.

ಬೀಗರು ಹತ್ತಿರ ಬಂದು ಮೆಲ್ಲಗೆ ಹೇಳಿದರು: "ನನಗೂ ಆಡಾಕ ಬರೂದಿಲ್ರಿ. ನೀವು ಕಲಸ್ತೀರಿ ಅಂತ ಕರದಿದ್ದೆ."

ಮನೆ ಮುಟ್ಟುವವರೆಗೂ ಶಾಂತಾ ಒಂದು ಮಾತೂ ಬಯ್ಯಲಿಲ್ಲ. ಬೈಸಿಕೊಳ್ಳುವಷ್ಟು ಯೋಗ್ಯತೆಯೂ ನನ್ನಲ್ಲಿ ಉಳಿದಿರಲಿಲ್ಲ ನೋಡಿ!